ಚೊಲೊನ ಎಡಗೈ

ನಮ್ಮ ಭಾವ ಫುಲಿಂಗಾ ಅವರಿಗೆ ಮೊದಲ ಇಬ್ಬರು ಮಕ್ಕಳು ಉಳಿಯಲಿಲ್ಲ. ಮೂರನೆಯದು ಗಂಡಾಗಿ ಹುಟ್ಟಿದಾಗ ಚೊಲೊ ಅಂತ ಹೆಸರಿಟ್ಟರು. ನಮ್ಮ ದಾವುರ್ ಜನರ ಮಾತಿನಲ್ಲಿ ಚೊಲೊ ಅಂದರೆ ಕಲ್ಲು. ಕಲ್ಲನ್ನು ಯಾವ ಪೀಡೆ ತಾನೇ ಆಸೆಪಟ್ಟು ಎತ್ತಿಕೊಂಡು ಹೋಗುತ್ತದೆ ಅಂತ. ಮಗು ಉಳಿಯಿತು. ಉಳಿದದ್ದೇ ದೊಡ್ಡದಾಗಿತ್ತು ಅವರಿಗೆ, ಮೊದಮೊದಲು.

ನಾನು ಆ ಮನೆಯ ಕಿರಿಯ ಸೊಸೆ. ನನ್ನ ಗಂಡ ಭಾವನ ತಮ್ಮ. ಎರಡು ಮನೆಗೂ ಒಂದೇ ಅಂಗಳ, ನಡುವೆ ಬೇಲಿ ಇರಲಿಲ್ಲ. ಅವರ ಮನೆಯಲ್ಲಿ ತಟ್ಟೆ ಬಿದ್ದರೆ ನನಗೆ ಕೇಳುತ್ತಿತ್ತು. ಹಾಗಾಗಿ ನಾನು ಹೇಳುವುದು ಕೇಳಿದ ಮಾತಲ್ಲ, ಕಂಡದ್ದು.

ಭಾವ ಹರೆಯದಲ್ಲಿ ನಮ್ಮ ಹೊರ್ಲಿ ಊರಿಗೇ ಒಳ್ಳೆಯ ಆಟಗಾರರಾಗಿದ್ದರಂತೆ. ಚಳಿಗಾಲ ಬಂತು ಅಂದರೆ ನೌನ್ ಹೊಳೆಯ ಮಂಜುಗಡ್ಡೆಯ ಮೇಲೆ ಊರಿಗೂ ಊರಿಗೂ ಬೊಯ್ಕೊ ಆಟ. ಓಕ್ ಬೇರಿನ ಕೊಕ್ಕೆಕೋಲು, ಜರ್ದಾಳು ಬೇರನ್ನು ಕೆತ್ತಿದ ಚೆಂಡು. ಅಜ್ಜಂದಿರ ಅಜ್ಜಂದಿರೂ ಅದನ್ನೇ ಆಡಿದ್ದು. ಆಮೇಲೆ ಒಂದು ವರ್ಷ ನಿರ್ಜಿ ಪಟ್ಟಣದಿಂದ ಅಧಿಕಾರಿಗಳು ಬಂದರು. ಹೊರದೇಶಗಳಲ್ಲಿ ಹಾಕಿ ಅಂತ ಆಡ್ತಾರೆ, ನಿಮ್ಮ ಆಟದ ಹಾಗೇ ಇದೆ, ನಿಮ್ಮ ಹುಡುಗರನ್ನೇ ತಯಾರು ಮಾಡ್ತೀವಿ ಅಂದರು. ಭಾವನಿಗೆ ಆಗ ಮೂವತ್ತು ದಾಟಿತ್ತು, ಆಯ್ಕೆಗೆ ವಯಸ್ಸು ಮೀರಿತ್ತು. ಆಯ್ಕೆಯಾದ ಹುಡುಗರ ಹಾಸಿಗೆ ಗಂಟನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಹಾಕಿ ಬಂದರು. ಮನೆಗೆ ಬಂದು ಉಂಡರು, ಮಲಗಿದರು. ಆಮೇಲೆ ಹೊಳೆಗಿಳಿದು ಆಡಿದ್ದನ್ನು ನಾನು ಕಾಣೆ. ಊರ ಮಕ್ಕಳಿಗೆ ಕೋಲು ಮಾತ್ರ ಮಾಡಿಕೊಡುತ್ತಿದ್ದರು.

ಚೊಲೊಗೆ ಐದು ತುಂಬಿದಾಗ ಗುಡ್ಡದಿಂದ ಸಣ್ಣ ಬೇರು ತಂದು, ಬೆಂಕಿಯಲ್ಲಿ ಬಗ್ಗಿಸಿ, ಬೆಣ್ಣೆ ಸವರಿ ಒಂದು ಕೋಲು ಮಾಡಿದರು.

"ಅಪ್ಪ, ಇದು ನಂದಾ?"

"ನಿಂದೇ ಕಣೋ. ಹಿಡಿ ನೋಡೋಣ."

ಮಗು ಎಡಗೈ ಕೆಳಗಿಟ್ಟು, ಬಲಗೈ ಮೇಲಿಟ್ಟು ಹಿಡಿಯಿತು. ನನ್ನ ಗಂಡ ನಕ್ಕುಬಿಟ್ಟರು. "ಅಣ್ಣ, ನಿನ್ನ ಮಗ ಕೋಲನ್ನ ತಲೆಕೆಳಗೆ ಹಿಡಿದಿದಾನೆ ನೋಡು!"

"ಹಿಡೀಲಿ ಬಿಡೋ," ಅಂದರು ಭಾವ. "ಬೇರಿಗೆ ಎಡ ಯಾವುದು, ಬಲ ಯಾವುದು?"

ನಿಜವೇ. ನಮ್ಮ ಕೋಲಿಗೆ ಎರಡು ಬದಿಯೂ ಒಂದೇ. ಹುಡುಗ ಬೆಳೆಯುತ್ತಾ ಬಂದ ಹಾಗೆ ಆ ಎಡಗೈ ಒಂದು ಸೋಜಿಗವೇ ಆಯಿತು. ಎಲ್ಲರೂ ಬಲಗಡೆಯಿಂದ ಬರುತ್ತಾನೆ ಅಂತ ಕಾದರೆ ಇವನು ಎಡಗಡೆಯಿಂದ ಜಾರಿ ಹೋಗಿರುತ್ತಿದ್ದ. ದೊಡ್ಡ ಗಂಡಸರೂ ಮಂಜಿನ ಮೇಲೆ ಕುಂಡೆಯೂರಿ ಕೂತು ನಗುತ್ತಿದ್ದರು. "ಇವನನ್ನ ಹಿಡಿಯೋಕೆ ಹೋದ್ರೆ ನನ್ನ ಕಾಲಿಗೆ ನನ್ನ ಕಾಲೇ ತೊಡರುತ್ತೆ ಮಾರಾಯ" ಅಂತ ನೆರೆಮನೆಯವನು ಭಾವನ ಬೆನ್ನಿಗೆ ಗುದ್ದಿ ಹೇಳಿದ್ದು ನನಗೆ ನೆನಪಿದೆ. ಭಾವ ಚಿಲುಮೆ ಆರಿಹೋದದ್ದೂ ತಿಳಿಯದೆ ಸೇದುತ್ತಾ ದಡದಲ್ಲಿ ನಿಂತಿದ್ದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಆಮೇಲೆ ನೋಡಲಿಲ್ಲ.

ಸರ್ಕಾರ ಊರೊಟ್ಟಿನ ಜಮೀನನ್ನು ಮನೆಮನೆಗೆ ಹಂಚಿಕೊಟ್ಟ ವರ್ಷ ಮೆಂಗ್ ಮಾಸ್ತರು ಊರಿಗೆ ಬಂದರು. ಅವರೂ ದಾವುರ್ ಜನವೇ. ಅವತ್ತು ಲಾರಿ ಹತ್ತಿದ ಹುಡುಗರಲ್ಲಿ ಒಬ್ಬರು, ಈಗ ನಿರ್ಜಿಯ ಕ್ರೀಡಾಶಾಲೆಯಲ್ಲಿ ಹಾಕಿ ಕಲಿಸುವವರು. ಚೊಲೊಗೆ ಆಗ ಹತ್ತು ವರ್ಷ. ಅವನ ಆಟ ನೋಡಿ ಮಾಸ್ತರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಚೀಲದಿಂದ ಹೊಸ ಹಾಕಿ ಕೋಲು ತೆಗೆದು ಅವನ ಕೈಗೆ ಕೊಟ್ಟರು.

ಚೊಲೊ ತನ್ನ ಅಭ್ಯಾಸದಂತೆ ಹಿಡಿದು ಬೀಸಿದ. ಚೆಂಡು ಪಕ್ಕಕ್ಕೆ ಹಾರಿ ನಮ್ಮ ಕೋಳಿಗೂಡಿಗೆ ಬಡಿಯಿತು. ಇನ್ನೊಮ್ಮೆ ಬೀಸಿದ, ಇನ್ನೊಂದು ದಿಕ್ಕಿಗೆ ಹೋಯಿತು. ಆ ಕೋಲಿಗೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡು. ಚಪ್ಪಟೆ ಬದಿಯಲ್ಲೇ ಹೊಡೆಯಬೇಕು. ಎಡಗೈಯವನಿಗೆ ಸಿಗುವುದು ಗುಂಡು ಬದಿ.

"ಎಡಗೈಯವರ ಕೋಲು ತಂದುಕೊಡಿ ಮಾಸ್ತರೆ," ಅಂದರು ಭಾವ.

"ಎಡಗೈಯವರ ಕೋಲು ಅನ್ನೋದೇ ಇಲ್ಲ ಅಣ್ಣ."

"ಹಂಗಾದ್ರೆ ನಾನು ಮಾಡ್ತೀನಿ. ಅಳತೆ ಕೊಡಿ."

"ನೀವು ಮಾಡಬಹುದು. ಆಡೋಕೆ ಬಿಡಲ್ಲ. ನಿಯಮ ಹಂಗಿದೆ, ಎಲ್ಲಾ ದೇಶದಲ್ಲೂ."

ಭಾವ ಆ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಕೈ ಬದಲಿಸಿದರೆ?"

"ಬದಲಿಸಿದರೆ ಸರಿ. ಎಡಗೈ ಮೇಲೆ, ಬಲಗೈ ಕೆಳಗೆ. ಒಂದು ವರ್ಷ ನೋಡಿ. ಬಂದರೆ ಕರ್ಕೊಂಡು ಬನ್ನಿ. ಬರದಿದ್ರೆ ಊರಲ್ಲೇ ಆಡಲಿ ಬಿಡಿ, ಏನಾಯ್ತು? ಇಂಥ ಆಟ ಊರಲ್ಲೂ ಇರಬೇಕಲ್ಲ."

ಮಾಸ್ತರು ಹೇಳಿದ್ದು ಇಷ್ಟೇ. ಭಾವನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ.

ಮಾರನೆಯ ದಿನವೇ ಅವರು ನೇಗಿಲು ಬಿಟ್ಟು ಕಲ್ಲುರುಳು ಹೂಡಿದರು. ನಮ್ಮ ಪಾಲಿಗೆ ಬಂದ ಹೊಲದಲ್ಲಿ ಹೊಳೆಯ ಕಡೆಗಿನ ತುಂಡು ಎಲ್ಲಕ್ಕಿಂತ ಒಳ್ಳೆಯ ಮಣ್ಣು, ಹೊಗೆಸೊಪ್ಪು ಆಳೆತ್ತರ ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಸ್ವಂತ ಅನ್ನುವ ನೆಲ ಕೈಗೆ ಬಂದಿತ್ತು. ಊರವರೆಲ್ಲ ಮೂಲೆ ಮೂಲೆಗೂ ಬೀಜ ಹಾಕುತ್ತಿದ್ದಾಗ ಇವರು ಆ ತುಂಡನ್ನು ಎತ್ತು ಕಟ್ಟಿ ಉರುಳಿಸಿ, ನೀರು ಚಿಮುಕಿಸಿ, ಮತ್ತೆ ಉರುಳಿಸಿ, ಒಲೆಯ ಶಾಖ ಹಾಯಿಸಿ ನಾವು ಕೂತು ಮಲಗುವ ಒಲೆಜಗಲಿಯ ಹಾಗೆ ನುಣ್ಣಗೆ ಮಾಡಿದರು.

ಅಕ್ಕ ಇಲ್ಗಾ, ಅಂದರೆ ಭಾವನ ಹೆಂಡತಿ, ಹೊಲದ ಬದುವಿನಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು ಕೇಳಿದಳು, "ಇಲ್ಲಿ ಏನು ಬೆಳೀತೀರಿ ಈ ವರ್ಷ?"

"ಮಗನ್ನ."

"ಚಳಿಗಾಲಕ್ಕೆ ಅವನನ್ನೇ ಕುಯ್ದು ಮಾರ್ತೀರಾ?"

ಆಗ ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು.

ಬೆಳಗಾಗುತ್ತಲೇ ಅಪ್ಪ ಮಗ ಇಬ್ಬರೂ ಆ ತುಂಡಿನ ಮೇಲೆ ಇರುತ್ತಿದ್ದರು. ಭಾವ ಚೆಂಡು ಉರುಳಿಸುವುದು, ಹುಡುಗ ಹೊಡೆಯುವುದು. ಬೆವರು ಹರಿಯುವವರೆಗೂ ಸರಿಯಾಗಿಯೇ ಹಿಡಿದಿರುತ್ತಿದ್ದ. ಸುಸ್ತಾದ ಕೂಡಲೇ ಕೈಗಳು ತಾವಾಗಿಯೇ ಜಾಗ ಬದಲಿಸಿಕೊಳ್ಳುತ್ತಿದ್ದವು. ಭಾವ ಯೋಚನೆ ಮಾಡಿದರು. ಶಾಲೆಯಲ್ಲಿ ಮೇಷ್ಟ್ರು ಬಲಗೈಯಲ್ಲೇ ಬರೆಯಿಸಿ ಬರೆಯಿಸಿ ಕಲಿಸಿರಲಿಲ್ಲವೇ? ಆಟಕ್ಕೊಂದೇ ಅಂತ ಕಲಿಸಿದರೆ ಕೈಗೆ ಹೇಗೆ ನೆನಪಿರಬೇಕು? ಎಲ್ಲಕ್ಕೂ ಬಲಗೈಯೇ ಆಗಬೇಕು. ಹೀಗೆಂದುಕೊಂಡು ತಮ್ಮ ನಡುಪಟ್ಟಿ ಬಿಚ್ಚಿ ಮಗನ ಎಡಗೈಯನ್ನು ಮೈಗೆ ಸೇರಿಸಿ ಕಟ್ಟಿದರು. ಊಟಕ್ಕೆ, ನೀರು ಸೇದುವುದಕ್ಕೆ, ಬಟ್ಟೆ ತೊಡುವುದಕ್ಕೆ, ಎಲ್ಲಕ್ಕೂ ಬಲಗೈ. ಆಟಕ್ಕೆ ಮಾತ್ರ ಬಿಚ್ಚುತ್ತಿದ್ದರು.

ಅವರನ್ನು ಕ್ರೂರಿ ಅಂದುಕೊಳ್ಳಬೇಡಿ. ಒಂದು ಏಟು ಹೊಡೆದವರಲ್ಲ. ಮಗ ಒದ್ದಾಡುವಾಗ ತಾನು ಸುಖವಾಗಿ ಉಣ್ಣುವುದು ಹೇಗೆ ಅಂತ ತಾವೂ ಅವತ್ತಿನಿಂದ ಎಲ್ಲಕ್ಕೂ ಎಡಗೈ ಬಳಸತೊಡಗಿದರು. ನವಣೆ ಅನ್ನ ಊಟದ ಜೋಡಿ ಕಡ್ಡಿಯಿಂದ ಜಾರಿ ಗಡ್ಡದ ಮೇಲೆ ಬೀಳುತ್ತಿತ್ತು. ಎಡಗೈಯಲ್ಲಿ ಕುಡುಗೋಲು ಹಿಡಿದು ಹೊಗೆಸೊಪ್ಪು ಕೊಯ್ಯಲು ಹೋಗಿ ಬಲಗೈ ಹೆಬ್ಬೆರಳನ್ನು ಮೂಳೆಯವರೆಗೂ ಕೊಯ್ದುಕೊಂಡರು. ನಾನೇ ಬೂದಿ ಹಾಕಿ ಕಟ್ಟಿದೆ. ಊರಲ್ಲಿ ತಮಾಷೆಯೋ ತಮಾಷೆ. "ಅಪ್ಪ ಎಡಕ್ಕೆ, ಮಗ ಬಲಕ್ಕೆ. ಅವರ ಮನೆ ನಾಯಿಗೆ ಬಾಲ ಯಾವ ಕಡೆ ಆಡಿಸಬೇಕೂಂತ ಗೊತ್ತಾಗ್ತಿಲ್ಲವಂತೆ!" ಭಾವ ಅದಕ್ಕೂ ನಗುತ್ತಿದ್ದರು. ತಟ್ಟೆಯಿಂದ ಚೆಲ್ಲಿದ್ದನ್ನು ಹೆಕ್ಕುತ್ತಾ ಮಗನಿಗೆ ಹೇಳುತ್ತಿದ್ದರು, "ನೋಡೋ ಚೊಲೊ, ನಾನು ನಿನಗಿಂತ ದಡ್ಡ."

ಒಂದು ದಿನ ಭಾವ ಹಂದಿಮರಿ ಕೊಳ್ಳಲು ಪಕ್ಕದೂರಿಗೆ ಹೋಗಿದ್ದರು. ಹುಡುಗ ನಮ್ಮ ಮನೆಯಲ್ಲಿದ್ದ. ಕಟ್ಟಿದ ತೋಳು ಕೆಂಪಾಗಿ ಬಾತಿತ್ತು. ನನಗೆ ತಡೆಯಲಾಗಲಿಲ್ಲ, ಗಂಟು ಬಿಚ್ಚಿದೆ, ಎಣ್ಣೆ ಹಚ್ಚಿದೆ. ಎಡಗೈಯಲ್ಲೇ ಹಾಲು ಅನ್ನ ತಿಂದ. ಎಷ್ಟು ಬೇಗ ತಿಂದ! ತಿಂದವನೇ ಬಾಗಿಲ ಕಡೆ ನೋಡಿ ನಡುಪಟ್ಟಿ ಎತ್ತಿಕೊಂಡು ಬಂದ.

"ಚಿಕ್ಕಮ್ಮ, ಅಪ್ಪ ಬರೋದ್ರೊಳಗೆ ಕ-ಕ-ಕಟ್ಟಿಬಿಡು."

"ಇರಲಿ ಬಿಡೋ, ನಾನು ಹೇಳ್ತೀನಿ ಅಪ್ಪಂಗೆ."

"ಬೇಡ. ಅಪ್ಪಂಗೆ ಬೇ... ಬೇಜಾರಾಗುತ್ತೆ."

ಅವನ ಮಾತು ತೊಡರಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅದಕ್ಕೆ ಮುಂಚೆ ಆ ಹುಡುಗ ಗಿಳಿಯ ಹಾಗೆ ಮಾತಾಡುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ತಿಳಿಯಿತು. ಅಕ್ಕ ಮೊದಲ ಸಲ ಗಂಡನ ಮೇಲೆ ಕೂಗಾಡಿದಳು.

"ಮಗು ಮಾತು ನುಂಗ್ತಿದೆ, ಕಾಣಿಸ್ತಿಲ್ವಾ ನಿಮಗೆ? ಎರಡು ಮಣ್ಣಿಗೆ ಹಾಕಿ ಉಳಿಸಿಕೊಂಡ ಮಗು ಅದು!"

"ಮಾತು ಆಮೇಲೆ ಬರುತ್ತೆ ಇಲ್ಗಾ. ವಯಸ್ಸು ಆಮೇಲೆ ಬರಲ್ಲ. ನನಗೆ ಬಂತಾ?"

ಅಕ್ಕ ಜಗಳ ಅಲ್ಲಿಗೇ ಬಿಟ್ಟು ಒಲೆಗೆ ಸೌದೆ ತುರುಕಿದಳು. ಅವರ ಆ ಲಾರಿಯ ದಿನ ಅವಳಿಗೂ ಗೊತ್ತಿತ್ತಲ್ಲ.

ವರ್ಷ ಕಳೆಯಿತು. ಹುಡುಗನ ಕೈ ತಿರುಗಿತು. ಮೆಂಗ್ ಮಾಸ್ತರು ನೋಡಿ, "ಪರವಾಗಿಲ್ಲ, ಸೇರಿಸಿ" ಅಂದರು. ಹಿಂದಿನ ಸಲದ ಹಾಗೆ ಟೋಪಿ ತೆಗೆಯಲಿಲ್ಲ. ಭಾವ ಅದನ್ನು ಗಮನಿಸಲಿಲ್ಲವೋ, ಗಮನಿಸಿಯೂ ಬೇಡವೆಂದು ಬಿಟ್ಟರೋ.

ಚೊಲೊ ಕ್ರೀಡಾಶಾಲೆಗೆ ಹೋದ. ಪ್ರತಿ ಭಾನುವಾರ ಭಾವ ನಿರ್ಜಿಗೆ ಹೋಗುತ್ತಿದ್ದರು. ಬಸ್ಸಿದ್ದರೆ ಬಸ್ಸು, ಹಿಮ ಬಿದ್ದು ಬಸ್ಸು ನಿಂತರೆ ಜಾರುಬಂಡಿ, ಅದೂ ಇಲ್ಲದಿದ್ದರೆ ನಡಿಗೆ. ಅಕ್ಕ ಕುಂಬಿಲ್ ಸೊಪ್ಪಿನ ಸಾರನ್ನು ಡಬ್ಬಿಗೆ ಹಾಕಿ, ತಣ್ಣಗಾಗದ ಹಾಗೆ ತುಪ್ಪಳದ ಟೋಪಿಯೊಳಗಿಟ್ಟು ಕೊಡುವಳು. ತಂತಿಬೇಲಿಯ ಹೊರಗೆ ನಿಂತು ಆಟ ನೋಡಿ, ಡಬ್ಬಿ ಕೊಟ್ಟು, ಖಾಲಿ ಡಬ್ಬಿ ತರುತ್ತಿದ್ದರು. "ಹೆಂಗಿದಾನೆ?" ಅಂದರೆ "ಕಲೀತಿದಾನೆ" ಅನ್ನುತ್ತಿದ್ದರು. ಪ್ರತಿ ಸಲವೂ ಅದೇ ಉತ್ತರ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಆಟ ನನಗೇನೂ ತಿಳಿಯದು, ಆದರೆ ಹೊಳೆಯ ಮೇಲೆ ಚೊಲೊ ಆಡಿದ್ದನ್ನು ಕಂಡವಳು. ಇಲ್ಲಿ ಅವನು ತಪ್ಪು ಮಾಡಲಿಲ್ಲ, ಸೊಗಸಾಗಿಯೂ ಏನೂ ಮಾಡಲಿಲ್ಲ. ಚೆಂಡು ಬರುವ ಮುಂಚೆ ಒಂದು ಸಲ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಪಕ್ಕದವನು ಬಂದಿರುತ್ತಿದ್ದ. ಆಟ ಮುಗಿದ ಮೇಲೆ ಬೇಲಿಯ ಹತ್ತಿರ ಬಂದು ನಿಂತ. ಅವನ ಜೊತೆಯ ಹುಡುಗನೊಬ್ಬ, "ನಿಮ್ಮಪ್ಪನಾ?" ಅಂತ ಅವನನ್ನು ಕೇಳಿ, ಭಾವನ ಕಡೆ ತಿರುಗಿ, "ಇವನು ಹೆಸರು ಹೇಳೋಷ್ಟರಲ್ಲಿ ಆಟ ಮುಗಿದಿರುತ್ತೆ ಮಾವ" ಅಂತ ನಗುತ್ತಾ ಹೇಳಿ ಓಡಿದ. ಕೆಟ್ಟ ಹುಡುಗನಲ್ಲ, ಸುಮ್ಮನೆ ಅಂದದ್ದು. ಚೊಲೊ ಡಬ್ಬಿಯ ಮುಚ್ಚಳ ತೆಗೆಯುತ್ತಾ ತಲೆ ತಗ್ಗಿಸಿದ. ಭಾವ ಮುಖ ತಿರುಗಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಮಂಜನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದರು.

ಚೊಲೊಗೆ ಹದಿನೈದು ತುಂಬಿದಾಗ ಹೈಲಾರ್ ನಗರದಲ್ಲಿ ಆಯ್ಕೆಯ ಪಂದ್ಯ. ಅಲ್ಲಿ ಗೆದ್ದವರಿಗೆ ಪ್ರಾಂತ್ಯದ ತಂಡ. ಭಾವ ರೈಲಿನಲ್ಲಿ ಹೋದರು. ನಾವು ಹೊಸ ಅಂಗಿ ಹೊಲಿಸಿಕೊಟ್ಟೆವು, ಅಂಗಳದಲ್ಲಿ ನಿಂತು ಕಳಿಸಿಕೊಟ್ಟೆವು. ಅಲ್ಲಿ ನಡೆದದ್ದನ್ನು ಅವರು ಹೇಳಲಿಲ್ಲ. ಆಮೇಲೆ ಮೆಂಗ್ ಮಾಸ್ತರೇ ಬಂದು ಭಾವನ ಮನೆಯ ಒಲೆಜಗಲಿಯ ಮೇಲೆ ಕೂತು ನಮ್ಮೆಲ್ಲರ ಎದುರು ಹೇಳಿದರು.

ಮೊದಲರ್ಧದಲ್ಲಿ ಚೊಲೊ ಚೆನ್ನಾಗಿಯೇ ಇದ್ದನಂತೆ. ಎರಡನೆಯ ಅರ್ಧದಲ್ಲಿ, ಗೋಲಿನ ಎದುರಿಗೇ, ಅವನ ಎಡಕ್ಕೆ ಚೆಂಡು ಬಂತು. ಖಾಲಿ ಜಾಗ. ಹಳೆಯ ಚೊಲೊ ಕಣ್ಣು ಮುಚ್ಚಿ ಹೊಡೆಯುವಂಥದ್ದು. ಕೋಲಿನ ಮೇಲೆ ಎಡಗೈ ಕೆಳಗಿಳಿಯಿತು, ಮತ್ತೆ ಮೇಲೇರಿತು, ಅಷ್ಟೇ. ಹುಡುಗ ಹಾಗೇ ನಿಂತುಬಿಟ್ಟ. ಚೆಂಡು ಅವನ ಕಾಲ ಪಕ್ಕದಲ್ಲೇ ಉರುಳಿಕೊಂಡು ಗೆರೆ ದಾಟಿತು. ಆಮೇಲೆ ಇನ್ನೊಂದು ಸಲವೂ ಹಾಗೇ ಆಯಿತು. ಹೊರಗೆ ಕರೆದರು. ಬರಲಿಲ್ಲ, ನಿಂತೇ ಇದ್ದ. ಮಾಸ್ತರೇ ಒಳಗೆ ಹೋಗಿ ಭುಜ ಹಿಡಿದು ಕರೆತಂದರಂತೆ.

"ಇನ್ನೊಂದು ವರ್ಷ ಇಟ್ಕೊಳ್ಳಿ ಮಾಸ್ತರೆ," ಅಂದರು ಭಾವ. "ನಾನು ಇನ್ನೂ ಸ್ವಲ್ಪ ಕಲಿಸ್ತೀನಿ. ನಾನು ಬಂದು ಅಲ್ಲೇ ಇರ್ತೀನಿ, ಅಂಗಳ ಗುಡಿಸ್ತೀನಿ, ಏನು ಬೇಕಾದ್ರೂ ಮಾಡ್ತೀನಿ."

ಮಾಸ್ತರು ತಲೆ ಅಲ್ಲಾಡಿಸಿದರು. "ಇನ್ನು ಕಲಿಸೋದು ಬೇಡ ಅಣ್ಣ. ಅವನಿಗೆ ಈಗ ಎಡಗೈಯೂ ಇಲ್ಲ, ಬಲಗೈಯೂ ಇಲ್ಲ."

ಅಕ್ಕ ಮಾಸ್ತರಿಗೆ ಚಿಲುಮೆ ಹಚ್ಚಿಕೊಡಲು ಎದ್ದವಳು ಅಲ್ಲೇ ನಿಂತಿದ್ದಳು.

"ಮೊದಲ ವರ್ಷವೇ ಚೊಲೊ ನನಗೆ ಹೇಳಿದ," ಅಂದರು ಮಾಸ್ತರು, ಮೆಲ್ಲಗೆ. "ಕೈ ಕಟ್ಟಿ ಕಲಿಸಿದಿರಂತೆ. ನಾನು ಕೋಲಿನ ಮೇಲೆ ಕೈ ಬದಲಿಸಿ ಅಂದಿದ್ದೆ ಅಣ್ಣ. ಅನ್ನದ ಕೈ ಬದಲಿಸಿ ಅನ್ನಲಿಲ್ಲ. ಎಡಗೈಯ ಹುಡುಗರು ಎಷ್ಟೋ ಜನ ನನ್ನ ಹತ್ರ ಆಡ್ತಾರೆ. ಊಟ ಎಡಗೈಲಿ ಮಾಡ್ತಾರೆ, ಕೋಲು ಬಲಕ್ಕೆ ಹಿಡೀತಾರೆ. ಎಡಗೈ ಗಟ್ಟಿ ಇದ್ರೆ ಅದೇ ಮೇಲಿಂದ ಕೋಲನ್ನ ತಿರುಗಿಸುತ್ತೆ, ಅದು ಒಳ್ಳೇದೇ. ನೀವು ಆ ಕೈಯನ್ನೇ ಸಾಯಿಸಿಬಿಟ್ಟಿರಿ."

ಬೇಕೆಂದು ನೋಯಿಸಲು ಅಂದ ಮಾತಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು. ಆದರೆ ಆ ಮಾತು ಕೇಳಿದಾಗಿನ ಭಾವನ ಮುಖ ಇದೆಯಲ್ಲ, ಅದನ್ನು ನಾನು ಯಾರಿಗೂ ವರ್ಣಿಸಲಾರೆ. ಮಾಸ್ತರನ್ನು ಬಾಗಿಲವರೆಗೂ ಕಳಿಸಿಕೊಟ್ಟರು, ದಾರಿಯಲ್ಲಿ ಹಿಮ ಜಾರುತ್ತೆ ಹುಷಾರು ಅಂದರು, ಒಳಗೆ ಬಂದು ಗೋಡೆ ಕಡೆಗೆ ಮುಖ ಮಾಡಿ ಮಲಗಿದರು.

ಚೊಲೊ ಮನೆಗೆ ಬಂದ. ಆ ಚಳಿಗಾಲ ಹೊಳೆ ಬೇಗ ಹೆಪ್ಪುಗಟ್ಟಿತ್ತು. ಒಂದು ಮಧ್ಯಾಹ್ನ ಭಾವ ಗುಡ್ಡಕ್ಕೆ ಹೋಗಿ, ಎಷ್ಟೋ ಹುಡುಕಿ, ಒಳ್ಳೆಯ ಬೇರು ತಂದು ಕೋಲು ಮಾಡಿದರು. ಮಗನನ್ನು ಕರೆದುಕೊಂಡು ಹೊಳೆಗೆ ಹೋದರು. ನಾನು ಮೀನು ಹಿಡಿಯಲು ಮಂಜುಗಡ್ಡೆಯಲ್ಲಿ ಕೊರೆದಿದ್ದ ಕಿಂಡಿಯಿಂದ ನೀರು ತುಂಬಿಕೊಳ್ಳುತ್ತಿದ್ದೆ. ಊರ ಹುಡುಗರು ಆಡುತ್ತಿದ್ದರು. ಭಾವ ಮಗನ ಎಡಗೈ ಹಿಡಿದು, ಅದರಲ್ಲಿ ಕೋಲು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ನಿನ್ನ ಕೈಲೇ ಆಡು ಮಗಾ. ಯಾವ ನಿಯಮಾನೂ ಇಲ್ಲ ಇಲ್ಲಿ. ಹಿಂಗೇ ಆಡ್ತಿದ್ದೆಯಲ್ಲ."

ಹುಡುಗರು, "ಬಾ ಚೊಲೊ, ನಮ್ಮ ಕಡೆ ಬಾ!" ಅಂತ ಎಳೆದುಕೊಂಡರು. ಚೊಲೊ ಆಡಿದ. ಎಡಗೈ ಬೀಸಿದರೆ ಚೆಂಡಿಗೆ ತಾಗಲಿಲ್ಲ. ತಾಗಿದರೆ ಹೋಗಬೇಕಾದ ಕಡೆ ಹೋಗಲಿಲ್ಲ. ಸೊಂಟದೆತ್ತರ ಇಲ್ಲದ ಪೋರನೊಬ್ಬ ಅವನ ಕೋಲಿನ ಬುಡದಿಂದಲೇ ಚೆಂಡು ಕಸಿದುಕೊಂಡು ಓಡಿದ. ಯಾರೋ ಕೂಗಿದರು, "ಲೇ ಚೊಲೊ, ನೀನು ಯಾವ ಕಡೆಯವನೋ?" ಎಲ್ಲರೂ ನಕ್ಕರು. ಅವನೂ ನಗಲು ನೋಡಿದ. ಆಮೇಲೆ ಕೋಲನ್ನು ಬೀಸಾಡಲಿಲ್ಲ, ಮುರಿಯಲಿಲ್ಲ. ಮಂಜಿನ ಮೇಲೆ ಮೆಲ್ಲಗೆ ಮಲಗಿಸಿಟ್ಟು, ಅಪ್ಪನ ಪಕ್ಕದಲ್ಲೇ ಹಾದು ಮನೆಗೆ ನಡೆದ.

ಭಾವ ಸಂಜೆಯವರೆಗೂ ಅಲ್ಲೇ ನಿಂತಿದ್ದರು. ನನ್ನ ಗಂಡ ಹೋಗಿ ಕರೆತಂದರು.

ಎರಡು ಚಳಿಗಾಲ ಚೊಲೊ ಮನೆಯಲ್ಲೇ ಇದ್ದ. ಹೇಳಿದ ಕೆಲಸ ಮಾಡುತ್ತಿದ್ದ. ಮಾತು ತೀರಾ ಕಮ್ಮಿ. ಅಂಗಡಿಗೆ ಕಳಿಸಿದರೆ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದ. ಆಮೇಲೆ ಗುಡ್ಡದಾಚೆಯ ದೊಡ್ಡ ಕಾಡಿನಲ್ಲಿ ಮರ ಕೊಯ್ಯುವ ಕ್ಯಾಂಪಿಗೆ ಜನ ಬೇಕು ಅಂದಾಗ ತಾನೇ ಹೊರಟ. ಅಕ್ಕ ಅತ್ತಳು. ಭಾವ ತಡೆಯಲಿಲ್ಲ. ಯಾವ ಬಾಯಿಂದ ತಡೆಯಲಿ ಅಂದರು ನನ್ನ ಗಂಡನ ಹತ್ತಿರ.

ಹೊಳೆಯ ಕಡೆಯ ಆ ತುಂಡನ್ನು ಮತ್ತೆ ಉತ್ತರು. ಉರುಳಿಸಿ ಉರುಳಿಸಿ ಗಟ್ಟಿಯಾಗಿದ್ದ ನೆಲ, ಹೊಗೆಸೊಪ್ಪು ಮೊಣಕಾಲೆತ್ತರ ಬಂದು ಹಳದಿಯಾಗುತ್ತಿತ್ತು. ಕೋಲು ಕೇಳಿಕೊಂಡು ಮಕ್ಕಳು ಬಂದರೆ, "ಇಲ್ಲ ಮಗು, ಮರೆತುಹೋಯ್ತು" ಅಂತ ಕಳಿಸಿಬಿಡುತ್ತಿದ್ದರು.

ಹೊಸವರ್ಷಕ್ಕೆ ಚೊಲೊ ಒಂದೆರಡು ಸಲ ಬಂದದ್ದುಂಟು. ಒಂದು ಸಲ ಹಬ್ಬದ ಮಾರನೆಯ ಬೆಳಿಗ್ಗೆ ನಾನು ಹೆಪ್ಪಿಗೆ ಒಂದಿಷ್ಟು ಮಜ್ಜಿಗೆ ಕೇಳಲು ಅವರ ಮನೆಗೆ ಹೋಗಿದ್ದೆ. ಅಪ್ಪ ಮಗ ಒಲೆಜಗಲಿಯ ಮೇಲೆ ಎದುರೆದುರು ಕೂತಿದ್ದರು. ಭಾವ ಕೇಳುತ್ತಿದ್ದರು.

"ಒಂದು ಮಾತು ಹೇಳು ಮಗಾ. ಆಗ ನಿನಗೆ ಆಡೋ ಆಸೆ ಇತ್ತೇನೋ? ಇಲ್ಲ, ನನಗೋಸ್ಕರ ಸುಮ್ಮನಿದ್ದೆಯಾ?"

ಚೊಲೊ ಹೇಳಲು ಬಾಯಿ ತೆರೆದ. ತುಟಿ ಅಲುಗಿತು, ಕತ್ತಿನ ನರ ಉಬ್ಬಿತು, ಮೊದಲ ಅಕ್ಷರವೇ ಹೊರಡಲಿಲ್ಲ. ಭಾವ ಕಾದರು. ಪಾಪ, ಎಷ್ಟು ತಾಳ್ಮೆಯಿಂದ ಕಾದರು! ಬಟ್ಟಲಲ್ಲಿ ಚಹಾ ಕೆನೆಗಟ್ಟಿತು. ಕೊನೆಗೆ ಹುಡುಗ ತಲೆ ಅಲ್ಲಾಡಿಸಿ, ಎದ್ದು, ಹಸುವಿಗೆ ಹುಲ್ಲು ಹಾಕಲು ಹೋದ. ಆ ತಲೆ ಅಲ್ಲಾಡಿಸಿದ್ದು ಯಾವ ಪ್ರಶ್ನೆಗೆ ಅಂತ ಭಾವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಅವರ ಎದೆ ಕೆಟ್ಟಿತು. ಹೊಗೆಯಿಂದ ಅಂದರು ಡಾಕ್ಟರು. ಕೊನೆಯ ಚಳಿಗಾಲ ಉಸಿರಾಡುವುದೇ ಅವರಿಗೆ ದಿನದ ಕೆಲಸವಾಗಿತ್ತು. ಚೊಲೊಗೆ ಹೇಳಿಕಳಿಸಿದೆವು. ಕಾಡಿನ ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಗುಡ್ಡದ ಮೇಲಿನ ಅಪ್ಪನ ಸಮಾಧಿಗೆ ಹೋಗಿ ಬಂದ. ನನ್ನ ಎದುರು ನಿಂತು, "ಚಿ-ಚಿಕ್ಕಮ್ಮ, ಅಪ್ಪ ನ-ನಂಗೇನಾದ್ರೂ..." ಅಂದ.

ಏನಾದರೂ ಹೇಳಿದ್ದರೆ ಹೇಳುತ್ತಿದ್ದೆ. ಭಾವ ಆ ಕೊನೆಯ ದಿನಗಳಲ್ಲಿ ಯಾರ ಹೆಸರನ್ನೂ ಎತ್ತಲಿಲ್ಲ. "ಇಲ್ಲಪ್ಪ," ಅಂದೆ. ಅವನು ತಲೆಯಾಡಿಸಿ ಒಳಗೆ ಹೋಗಿ ಅಮ್ಮನ ಗಂಟು ಕಟ್ಟತೊಡಗಿದ. ಅಕ್ಕನನ್ನು ತನ್ನ ಜೊತೆ ಕ್ಯಾಂಪಿಗೆ ಕರೆದುಕೊಂಡು ಹೋದ. ಅವಳು ಅಲ್ಲಿ ಮರ ಕೊಯ್ಯುವವರಿಗೆ ಅಡುಗೆ ಮಾಡುತ್ತಾಳೆ.

ಕಳೆದ ವರ್ಷ ನನ್ನ ಗಂಡ ಅವರನ್ನು ನೋಡಿಕೊಂಡು ಬಂದರು. ಚೊಲೊ ಗರಗಸದ ಕೊಟ್ಟಿಗೆಯಲ್ಲಿ ಇದ್ದಾನಂತೆ. ಅಲ್ಲಿ ಬೆಳಗಿಂದ ಸಂಜೆವರೆಗೂ ಒಂದೇ ಸದ್ದು, ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆ ಮಾಡುತ್ತಾರೆ. ಮದುವೆ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಾನಂತೆ.

"ಹುಡುಗ ಚೆನ್ನಾಗಿದಾನಾ?" ಅಂತ ಕೇಳಿದೆ.

"ಕೆಲಸ ಮಾಡ್ತಾನೆ."

"ನಾನು ಕೇಳಿದ್ದು ಅದಲ್ಲ."

ನನ್ನ ಗಂಡ ಹಿಮ ಮೆತ್ತಿದ ಬೂಟು ಕಳಚಿ ಒಲೆಯ ಬಾಯಿಗೆ ಒಣಗಲು ಇಟ್ಟರು.